ಕೊಳವೆ ಬಾವಿಯ ನೀರು: ಹೊಲಕ್ಕೆಷ್ಟು, ಮನೆಗೆಷ್ಟು, ನೆಲಕ್ಕೆಷ್ಟು?

ರೈತ ಬಾಂಧವರು ಕೃಷಿ ವಿಜ್ಞಾನಿಗಳನ್ನು ಕಂಡಾಗ ಹಿಂದೆ ಕೇಳುತ್ತಿದ್ದ ಮೊದಲ ಪ್ರಶ್ನೆ, "ಹೊಸ ತಳಿ ಯಾವುದು ಬಂದಿದೆ?" ಎಂದು. ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಅದಕ್ಕೂ ಮೊದಲು ಬರುವ ಪ್ರಶ್ನೆ, "ಇನ್ನೆಷ್ಟು ಅಡಿ ಕೊರೆಸಬೇಕು?" ಎಂಬುದು. ಈ ಒಂದು ಪ್ರಶ್ನೆಯೊಳಗೆ ರೈತನ ಸಾಲ, ಮನೆಯವರ ಆರೋಗ್ಯ, ಊರಿನ ಕೆರೆಯ ಗತಿ ಎಲ್ಲವೂ ಅಡಗಿವೆ. ಆದುದರಿಂದ ವಿಶ್ವವಿದ್ಯಾನಿಲಯಗಳ ಸಂಶೋಧನೆಯೂ ಕೇವಲ ಎಕರೆಗೆ ಎಷ್ಟು ಕ್ವಿಂಟಾಲ್ ಎಂಬುದಕ್ಕೆ ನಿಲ್ಲದೆ, ಹನಿ ನೀರಿಗೆ ಎಷ್ಟು ಬೆಳೆ, ಆ ನೀರು ಎಂಥದ್ದು, ಅದರ ನಿಜವಾದ ಬೆಲೆ ಏನು ಎಂಬ ಪ್ರಶ್ನೆಗಳತ್ತ ತಿರುಗಬೇಕಾಯಿತು. ಆ ಸಂಶೋಧನೆಗಳಿಂದ ತಿಳಿದುಬಂದದ್ದೇನು, ಅವುಗಳಿಂದ ಆಗುವುದೇನು, ಆಗದೇ ಇರುವುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನೆಲದೊಳಗಿನ ಆದಾಯ ಮತ್ತು ಖರ್ಚು

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿ ಬೆಟ್ಟಗಳ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ಹುಟ್ಟುತ್ತವೆ. ಆದರೆ ಇಲ್ಲಿ ಅವು ಮಳೆ ಬಂದಾಗ ಹರಿದು, ನಿಂತಾಗ ಮರಳಾಗುತ್ತವೆ. ಹಿರಿಯರು ಇದನ್ನರಿತೇ ಕೆರೆಯ ಕೆಳಗೆ ಕೆರೆ ಕಟ್ಟಿ, ನೀರು ಬಿಡುವ ಕೆಲಸಕ್ಕೆ ನೀರುಗಂಟಿಯನ್ನು ನೇಮಿಸಿದ್ದರು. ಕೆರೆಯ ಹಿಂದೆ ತೆರೆದ ಬಾವಿ, ಬಾವಿಗೆ ಏತ ಅಥವಾ ಕಪಿಲೆ ಇತ್ತು. ಕೆರೆಯಲ್ಲಿ ಹೂಳು ತುಂಬಿ, ಕೊಳವೆ ಬಾವಿಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತಿದವು. ಈಗ ಸಾವಿರ ಅಡಿ ದಾಟಿ ಕೊರೆಸುವುದು ಸಾಮಾನ್ಯವಾಗಿದೆ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ಈ ಭಾಗ ವರ್ಷಗಳಿಂದ 'ಅತಿ ಬಳಕೆ'ಯ ಪಟ್ಟಿಯಲ್ಲಿದೆ. ಎಂದರೆ, ವರ್ಷದಲ್ಲಿ ನೆಲಕ್ಕೆ ಇಳಿಯುವ ನೀರಿಗಿಂತ ನಾವು ಮೇಲೆತ್ತುವ ನೀರೇ ಹೆಚ್ಚು.

ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಇಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಒಂದು ಎಕರೆಯ ಮೇಲೆ ಬೀಳುವ ಮಳೆ ಸುಮಾರು 28 ಲಕ್ಷ ಲೀಟರ್ ಆಯಿತು. ಇದರಲ್ಲಿ ಬಹುಪಾಲು ಆವಿಯಾಗುತ್ತದೆ, ಗಿಡಗಳು ಹೀರುತ್ತವೆ, ಉಳಿದದ್ದು ಹರಿದುಹೋಗುತ್ತದೆ. ನಮ್ಮಂಥ ಗಟ್ಟಿ ಬಂಡೆಯ ಸೀಮೆಯಲ್ಲಿ ಆಳಕ್ಕೆ ಇಳಿಯುವುದು ನೂರಕ್ಕೆ 5ರಿಂದ 10 ಪಾಲು ಮಾತ್ರ. ಅಂದರೆ ಎಕರೆಗೆ ವರ್ಷಕ್ಕೆ ಸುಮಾರು 1.4 ಲಕ್ಷದಿಂದ 2.8 ಲಕ್ಷ ಲೀಟರ್.

ಇನ್ನು ಖರ್ಚಿನ ಕಡೆ ನೋಡೋಣ. ಶಿಡ್ಲಘಟ್ಟದ ಒಂದು ಎಕರೆ ಹಿಪ್ಪುನೇರಳೆ ತೋಟಕ್ಕೆ ಒಮ್ಮೆ ಒಂದೂವರೆ ಅಂಗುಲದಷ್ಟು ನೀರು ಹಾಯಿಸಿದರೆ ಒಂದೂವರೆ ಲಕ್ಷ ಲೀಟರ್ ಬೇಕು. ಮಳೆಯ ವಾರಗಳನ್ನು ಬಿಟ್ಟು ವರ್ಷಕ್ಕೆ 30 ಸಲ ಹಾಯಿಸಿದರೆ 45 ಲಕ್ಷ ಲೀಟರ್. ಒಂದು ಎಕರೆ ತೋಟವು 16ರಿಂದ 32 ಎಕರೆ ಜಮೀನಿನೊಳಗೆ ಇಳಿದ ನೀರನ್ನು ಒಂದೇ ವರ್ಷದಲ್ಲಿ ಮೇಲೆತ್ತುತ್ತದೆ ಎಂದಾಯಿತು. ಹಾಯಿಸಿದ ನೀರಿನಲ್ಲಿ ಒಂದಷ್ಟು ಮತ್ತೆ ಕೆಳಗಿಳಿಯುವುದು ನಿಜ. ಆದರೂ ಆದಾಯಕ್ಕೂ ಖರ್ಚಿಗೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ.

ಬತ್ತಿದ ಬಾವಿಯೂ ಲೆಕ್ಕಕ್ಕೆ ಸೇರಬೇಕು

ಈ ಅಂತರದ ಭಾರ ಮೊದಲು ಬೀಳುವುದು ರೈತನ ಹೆಗಲ ಮೇಲೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಅರ್ಥಶಾಸ್ತ್ರಜ್ಞ ಡಾ. ಎಂ.ಜಿ. ಚಂದ್ರಕಾಂತ್ ಮತ್ತು ಅವರ ಸಹೋದ್ಯೋಗಿಗಳು ರಾಜ್ಯದ ಗಟ್ಟಿ ಬಂಡೆಯ ಪ್ರದೇಶಗಳಲ್ಲಿ ಹಲವು ವರ್ಷ ಈ ವಿಷಯವನ್ನು ಅಧ್ಯಯನ ಮಾಡಿದರು. ಅವರು ಒತ್ತಿ ಹೇಳಿದ ಸಂಗತಿಗಳು ಎರಡು. ಒಂದು, ಹತ್ತಿರ ಹತ್ತಿರ ಕೊರೆಸಿದ ಬಾವಿಗಳು ಒಂದೇ ಬಂಡೆಯ ಬಿರುಕಿನ ನೀರನ್ನು ಹಂಚಿಕೊಳ್ಳುವುದರಿಂದ, ಒಬ್ಬರ ಬಾವಿ ಇನ್ನೊಬ್ಬರ ಬಾವಿಯನ್ನು ಬತ್ತಿಸುತ್ತದೆ. ಎರಡು, ನೀರಿನ ಬೆಲೆ ಕಟ್ಟುವಾಗ ನೀರು ಕೊಟ್ಟ ಬಾವಿಯ ಖರ್ಚಿನ ಜೊತೆಗೆ ವಿಫಲವಾದ ಬಾವಿಗಳ ಖರ್ಚನ್ನೂ ಸೇರಿಸಬೇಕು.

ಉದಾಹರಣೆಗೆ, ಒಬ್ಬ ರೈತ ಮೂರು ಬಾವಿ ಕೊರೆಸಿ, ಒಂದರಲ್ಲಿ ಮಾತ್ರ ನೀರು ಕಂಡನೆಂದು ಇಟ್ಟುಕೊಳ್ಳೋಣ. ಒಂದೊಂದಕ್ಕೂ 4 ಲಕ್ಷ ರೂಪಾಯಿ ಖರ್ಚು, ನೀರು ಬಂದದ್ದು ಆರು ವರ್ಷ, ತೋಟ ಎರಡು ಎಕರೆ, ವರ್ಷಕ್ಕೆ ಐದು ಬೆಳೆ ಎಂದು ಹಿಡಿದರೆ:

ನೀರು ಬಂದ ಬಾವಿಯನ್ನು ಮಾತ್ರ ಲೆಕ್ಕ ಹಾಕಿದರೆ, ಎಕರೆಗೆ ಪ್ರತಿ ಬೆಳೆಗೆ ನೀರಿನ ಖರ್ಚು ಸುಮಾರು 6,700 ರೂಪಾಯಿ.

ಮೂರೂ ಬಾವಿಗಳನ್ನು ಲೆಕ್ಕ ಹಾಕಿದರೆ 20,000 ರೂಪಾಯಿ.

ಇವು ತಿಳಿವಳಿಕೆಗಾಗಿ ಹಿಡಿದುಕೊಂಡ ಅಂಕಿಗಳು. ತಮ್ಮ ತಮ್ಮ ಅಂಕಿಗಳನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಬಹುದು. ಗೂಡಿನ ಮಾರುಕಟ್ಟೆಯಿಂದ ಹಣ ಎಣಿಸಿಕೊಂಡು ಬಂದ ರೈತನು ಲಾಭವೆಂದು ಭಾವಿಸಿದ್ದು, ಬತ್ತಿದ ಬಾವಿಗಳ ಸಾಲವನ್ನು ಕಳೆದಾಗ ಲಾಭವಾಗಿ ಉಳಿಯದೇ ಇರಬಹುದು. ನಾಲ್ಕನೆಯ ಬಾವಿ ಕೊರೆಸುವ ಮುನ್ನ ಈ ಲೆಕ್ಕವನ್ನು ಮನೆಮಂದಿಯೊಡನೆ ಕುಳಿತು ಮಾಡುವುದು ಒಳ್ಳೆಯದು. ಕರ್ನಾಟಕದ 2011ರ ಅಂತರ್ಜಲ ಕಾಯಿದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿ ಕೊರೆಸಲು ಅನುಮತಿ ಬೇಕೆಂಬುದನ್ನೂ ಮರೆಯಬಾರದು.

ಆಳದ ನೀರು, ಹಲ್ಲು ಮತ್ತು ಮೂಳೆ

ಆಳಕ್ಕೆ ಹೋದಂತೆ ಹೆಚ್ಚುವುದು ಖರ್ಚೊಂದೇ ಅಲ್ಲ. ನಮ್ಮ ನೆಲದ ಕೆಳಗಿರುವ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಸುಣ್ಣದಂಶ ಕಡಿಮೆಯಾದಷ್ಟೂ, ಕರಗುವ ಫ್ಲೋರೈಡ್ ಹೆಚ್ಚುತ್ತದೆ. ಹಿಂದಿನ ತೆರೆದ ಬಾವಿಯ ನೀರು ಮಳೆಗಾಲದಲ್ಲಿ ಹೊಸದಾಗುತ್ತಿತ್ತು. ಸಾವಿರ ಅಡಿಯ ನೀರು ಬಹುಕಾಲ ಬಂಡೆಯೊಳಗೆ ಕುಳಿತಿದ್ದ ನೀರು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂದು ಭಾರತೀಯ ಮಾನಕ ಹೇಳುತ್ತದೆ. ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ, ಹಲ್ಲು ಮೂಡುವ ವಯಸ್ಸಿನ ಮಕ್ಕಳ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಅನಂತರ ಕಂದು ಗೆರೆ ಕಾಣುತ್ತದೆ. ಈ ಕಲೆ ಉಜ್ಜಿದರೆ ಹೋಗುವಂಥದಲ್ಲ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಮುಂದುವರಿದರೆ ದೊಡ್ಡವರಲ್ಲಿ ಕೀಲು ನೋವು, ಕುತ್ತಿಗೆ ಮತ್ತು ಬೆನ್ನು ಬಿಗಿಯುವುದು, ಕೊನೆಗೆ ಮೂಳೆಗಳೇ ಬಾಗುವುದು ಉಂಟು. ಈ ನೋವನ್ನು ವಯಸ್ಸಿನದೆಂದೂ ದುಡಿಮೆಯದೆಂದೂ ತಳ್ಳಿಹಾಕುವುದು ವಾಡಿಕೆಯಾಗಿದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿದ್ದ ಮಾತ್ರಕ್ಕೆ ಒಳ್ಳೆಯದಲ್ಲ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿ ತಿದ್ದಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಸಾಮಾನ್ಯ ಮೇಣದಬತ್ತಿ ಆಕಾರದ ಸೋಸುಕವೂ ಇದನ್ನು ತಡೆಯುವುದಿಲ್ಲ.

ಫ್ಲೋರೈಡ್ ತೆಗೆಯುವ ವಿಧಾನಗಳನ್ನು ಸಂಶೋಧನಾ ಸಂಸ್ಥೆಗಳು ಒದಗಿಸಿವೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ಪಟಕ ಮತ್ತು ಸುಣ್ಣ ಬಳಸುವ 'ನಲ್ಗೊಂಡ ವಿಧಾನ'ವನ್ನು ರೂಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸುಧಾಕರ ರಾವ್ ಅವರ ತಂಡ ಮೆಗ್ನೀಷಿಯಂ ಆಕ್ಸೈಡ್ ಬಳಸಿ ಮನೆಯಲ್ಲೇ ಫ್ಲೋರೈಡ್ ತೆಗೆಯುವ ಕ್ರಮವನ್ನು ರೂಪಿಸಿತು. ಈಗ ಬಹಳಷ್ಟು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಈ ಘಟಕಗಳು ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಹಾಗೂ ಲವಣ ಇನ್ನಷ್ಟು ಸಾಂದ್ರವಾಗಿರುತ್ತವೆ. ಅದನ್ನು ದನಕರು ಕುಡಿಯುವ ತೊಟ್ಟಿಗಾಗಲಿ, ಬಾವಿಯ ಸುತ್ತಲಿಗಾಗಲಿ ಬಿಡಬಾರದು. ಎಲ್ಲಕ್ಕಿಂತ ಸುಲಭವಾದ ಫ್ಲೋರೈಡ್‌ರಹಿತ ನೀರು ಎಂದರೆ ಮಾಳಿಗೆಯ ಮೇಲೆ ಬೀಳುವ ಮಳೆ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆ ನೀರನ್ನು ಕುದಿಸಿ ಆರಿಸಿ ಕುಡಿಯಲು ಮತ್ತು ಅಡಿಗೆಗೆ ಬಳಸಬಹುದು.

ರಾಗಿ: ಹೊಲಕ್ಕೂ ಮೂಳೆಗೂ

ಹೊಲದ ಪ್ರಶ್ನೆಯೂ ಆರೋಗ್ಯದ ಪ್ರಶ್ನೆಯೂ ಒಂದೆಡೆ ಸೇರುವುದು ರಾಗಿಯಲ್ಲಿ. ಆಹಾರದಲ್ಲಿ ಸುಣ್ಣದಂಶ ಸಾಕಷ್ಟಿದ್ದರೆ ಫ್ಲೋರೈಡ್ ಕರುಳಿನಿಂದ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಸುಣ್ಣದಂಶದ ಕೊರತೆ ಇರುವವರಲ್ಲಿ ಫ್ಲೋರೈಡಿನ ಹಾನಿ ಹೆಚ್ಚು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಮುದ್ದೆಯ ಜೊತೆಗೆ ಸೊಪ್ಪಿನ ಸಾರು, ಮಜ್ಜಿಗೆ, ನೆಲ್ಲಿಕಾಯಿ ಅಥವಾ ನಿಂಬೆ ಸೇರಿದರೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಬರೀ ಕರಿ ಚಹಾ ಕೊಡುವುದು ಮಾತ್ರ ಸಲ್ಲದು. ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ರಾಗಿಯು ನೀರಿನ ದೋಷಕ್ಕೆ ಮದ್ದಲ್ಲ; ಒಳ್ಳೆಯ ನೀರಿನ ಜೊತೆಗೆ ದೇಹಕ್ಕೆ ಸಿಗಬೇಕಾದ ಆಸರೆ.

ರಾಗಿ ಈ ಸೀಮೆಯಲ್ಲಿ ಉಳಿಯಲು ಸಂಶೋಧನೆಯೂ ಕಾರಣ. ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ 'ಇಂಡಾಫ್' ತಳಿಗಳನ್ನು ನೀಡಿ ಇಳುವರಿಯನ್ನು ಹೆಚ್ಚಿಸಿದರು. ಅನಂತರ ಬೆಂಕಿ ರೋಗವನ್ನು ತಡೆಯುವ ಜಿ.ಪಿ.ಯು.-28 ಹಾಗೂ ಎಂ.ಎಲ್.-365 ತಳಿಗಳು ಬಂದವು. ಜುಲೈ ತಿಂಗಳಲ್ಲಿ ಹದವಾದ ಮಳೆ ಬಂದರೆ ಮಧ್ಯಮಾವಧಿಯ ಈ ತಳಿಗಳನ್ನೂ, ಮಳೆ ತಡವಾಗಿ ಆಗಸ್ಟಿಗೆ ಜಾರಿದರೆ ಅಲ್ಪಾವಧಿಯ ಜಿ.ಪಿ.ಯು.-48 ತಳಿಯನ್ನೂ ಬಿತ್ತಬಹುದು. ಇಳಿಜಾರಿಗೆ ಅಡ್ಡಲಾಗಿ 8 ಸಾಲು ರಾಗಿ, 2 ಸಾಲು ತೊಗರಿ ಹಾಕಿ, ತೊಗರಿ ಸಾಲುಗಳ ನಡುವೆ ದೋಣಿ ಸಾಲು ತೆಗೆದರೆ ಮಳೆ ನೀರು ಹೊಲದಲ್ಲೇ ಇಂಗುತ್ತದೆ; ರಾಗಿ ಕೈಕೊಟ್ಟರೂ ತೊಗರಿ ಉಳಿಯುತ್ತದೆ. ಇದು ನಮ್ಮ ಹಿರಿಯರ ಅಕ್ಕಡಿ ಬೇಸಾಯವನ್ನೇ ಅಳತೆಗೆ ತಂದ ಕ್ರಮ.

ಕಡಿಮೆ ನೀರಿನ ದಾರಿಗಳು

ಎಲ್ಲರೂ ರಾಗಿಯನ್ನೇ ಬೆಳೆದು ಬದುಕಲಾಗದು. ಹಣ ತರುವ ಬೆಳೆಯೂ ಬೇಕು. ಹಿಪ್ಪುನೇರಳೆಗೆ ಹನಿ ನೀರಾವರಿ ಅಳವಡಿಸಿದರೆ ನೀರಿನಲ್ಲಿ ನೂರಕ್ಕೆ 40ರಷ್ಟು ಉಳಿತಾಯ ಸಾಧ್ಯ. ಗಂಟೆಗೆ 6,000 ಲೀಟರ್ ಕೊಡುವ ಬಾವಿಯಿಂದ ಒಂದು ಎಕರೆಗೆ ಒಂದೂವರೆ ಲಕ್ಷ ಲೀಟರ್ ಹಾಯಿಸಲು 25 ಗಂಟೆ ಬೇಕಾದರೆ, ಹನಿ ಪದ್ಧತಿಯಲ್ಲಿ 15 ಗಂಟೆ ಸಾಕು. ಸಾಲುಗಳ ಅಂತರ ಹೆಚ್ಚಿಸಿ, ನಡುವೆ ಹಸಿರೆಲೆ ಗೊಬ್ಬರದ ಬೆಳೆ ಹಾಕಿ, ಬುಡಕ್ಕೆ ಒಣ ಎಲೆ ಹೊದಿಸಿದರೆ ತೇವ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ. ಈ ವಿಷಯಗಳಲ್ಲಿ ರೈತರಿಗೆ ಹತ್ತಿರದಲ್ಲೇ ಮಾರ್ಗದರ್ಶನ ಸಿಗುವಂತೆ 1995ರಲ್ಲಿ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯ ಆರಂಭವಾಯಿತು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇರುವುದೂ ಚಿಂತಾಮಣಿ ಬಳಿಯ ಕುರುಬೂರಿನಲ್ಲಿ.

ಗೌರಿಬಿದನೂರಿನ ಕಡೆ ಭತ್ತ ಬಿಡಲಾರೆನೆನ್ನುವವರು ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತವನ್ನು ನೋಡಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಎಚ್.ಇ. ಶಶಿಧರ್ ಅವರ ತಂಡ ಆಳವಾಗಿ ಬೇರು ಬಿಡುವ ಗುಣವನ್ನು ಆರಿಸಿ ರೂಪಿಸಿದ ಎಂ.ಎ.ಎಸ್. 946-1 ತಳಿ 2007ರಲ್ಲಿ ಬಿಡುಗಡೆಯಾಯಿತು. ಇದನ್ನು ರಾಗಿಯಂತೆ ನೇರವಾಗಿ ಬಿತ್ತಿ, ಬೇಕಾದಾಗ ಮಾತ್ರ ನೀರು ಕೊಡುವುದರಿಂದ ನಾಟಿ ಭತ್ತದ ಅರ್ಧದಷ್ಟು ನೀರಿನಲ್ಲಿ ಬೆಳೆ ಬರುತ್ತದೆ. ಕಳೆಯ ಹತೋಟಿ ಮಾತ್ರ ಸಕಾಲದಲ್ಲಿ ಆಗಬೇಕು.

ಒಣಭೂಮಿಗೆ ಮರಬೆಳೆ ಬೇಕೆನ್ನುವವರಿಗೆ ಚಿಂತಾಮಣಿಯ ಸಂಶೋಧನಾ ಕೇಂದ್ರ 1993ರಲ್ಲಿ 'ಚಿಂತಾಮಣಿ-1' ಗೋಡಂಬಿ ತಳಿಯನ್ನು ನೀಡಿದೆ. ನೀಲಗಿರಿ ಮರದ ಅನುಭವ ನಮಗೆಲ್ಲ ತಿಳಿದೇ ಇದೆ. ನೆರೆಯ ಹೊಸಕೋಟೆಯಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ, ನೀಲಗಿರಿ ತೋಪು ತನ್ನ ಮೇಲೆ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಆಳದ ಮಣ್ಣಿನಿಂದ ಹೀರಿದ್ದು ಕಂಡುಬಂತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಕೆರೆಗೆ ಬಂದ ನೀರು

ಈಚಿನ ವರ್ಷಗಳಲ್ಲಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಜಿಲ್ಲೆಯ ಇನ್ನಿತರ ಕೆರೆಗಳಿಗೂ ಬಂದಿದೆ. ವರ್ಷಗಳಿಂದ ಒಣಗಿದ್ದ ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೆ ಜೀವ ಬರುವುದು ಸಹಜ. ಆದರೆ ಇದು ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು. ಇಂಥ ಕೆರೆಯ ನೀರನ್ನು ನೇರವಾಗಿ ಕುಡಿಯಬಾರದು. ಕೆರೆಯ ಹತ್ತಿರದ ಬಾವಿಗಳ ನೀರನ್ನು ಮಳೆಗಾಲಕ್ಕೆ ಮುಂಚೆ ಮತ್ತು ಅನಂತರ ಪರೀಕ್ಷಿಸಿಕೊಳ್ಳಬೇಕು. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗಳಿಗೆ ಇದನ್ನು ಬಳಸದಿರುವುದು ಕ್ಷೇಮ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಈ ಭಾಗದ ಜನರು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ನೀರಿನ ಪ್ರಮಾಣ ಎಷ್ಟು ಮುಖ್ಯವೋ ಗುಣವೂ ಅಷ್ಟೇ ಮುಖ್ಯ.

ಸಂಶೋಧನೆಗೆ ಆಗದ ಕೆಲಸ

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹನಿ ನೀರಾವರಿಯಿಂದ ಎಕರೆಗೆ 60,000 ಲೀಟರ್ ಉಳಿಸಿದ ರೈತನು ಆ ನೀರಿನಿಂದ ಇನ್ನೂ ಮೂರನೇ ಎರಡರಷ್ಟು ಎಕರೆ ತೋಟ ಮಾಡಿದರೆ, ಅವನ ಆದಾಯ ಹೆಚ್ಚೀತು; ನೆಲದೊಳಗೆ ಒಂದು ಹನಿಯೂ ಉಳಿಯುವುದಿಲ್ಲ. ಹೆಚ್ಚು ಸೊಪ್ಪು ಕೊಡುವ ತಳಿ ಬಂದಾಗ, ಹೆಚ್ಚು ನೀರು ಕೊಟ್ಟು ಇನ್ನೂ ಹೆಚ್ಚು ಸೊಪ್ಪು ತೆಗೆಯುವ ಆಸೆಯೂ ಬರುತ್ತದೆ. ಒಂದು ಕಿಲೋ ಗೂಡಿಗೆ ಬೇಕಾಗುವ ನೀರನ್ನು ಸಂಶೋಧನೆ ಕಡಿಮೆ ಮಾಡಬಲ್ಲದು. ಊರು ಒಟ್ಟಾಗಿ ಎತ್ತುವ ನೀರನ್ನು ಕಡಿಮೆ ಮಾಡುವ ಶಕ್ತಿ ಊರಿಗೆ ಮಾತ್ರ ಇದೆ. ಹಿಂದೆ ನೀರುಗಂಟಿಯ ಮಾತಿಗೆ ಊರು ಒಪ್ಪುತ್ತಿದ್ದುದು ಇದೇ ಕಾರಣಕ್ಕೆ: ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕೊಳವೆ ಬಾವಿಯ ನೀರು ಕಣ್ಣಿಗೆ ಕಾಣದು. ಆದುದರಿಂದ ಅದನ್ನು ಅಳೆದು ಎಲ್ಲರಿಗೂ ತಿಳಿಯುವಂತೆ ಬರೆದಿಡಬೇಕು.

ಊರಿನವರು ಈ ವರ್ಷದಿಂದಲೇ ಕೈಗೊಳ್ಳಬಹುದಾದ ಕೆಲಸಗಳು ಇವು:

1. ಊರಿನ ನಾಲ್ಕೈದು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು, ಶಾಲೆಯ ಅಥವಾ ಪಂಚಾಯಿತಿಯ ಗೋಡೆಯ ಮೇಲೆ ಮಳೆಯ ಅಳತೆಯೊಡನೆ ಬರೆಯಿರಿ.

2. ಕುಡಿಯುವ ನೀರಿನ ಪ್ರತಿಯೊಂದು ಮೂಲವನ್ನೂ ಫ್ಲೋರೈಡಿಗಾಗಿ ಪರೀಕ್ಷೆ ಮಾಡಿಸಿರಿ. 1.5 ಮಿಲಿಗ್ರಾಂ ಮೀರಿದ ಕೊಳಾಯಿಗೆ ಕೆಂಪು ಬಣ್ಣ ಬಳಿದು ಗುರುತಿಸಿರಿ.

3. ಮೇಲೆ 12 ಮೀಟರ್, ತಳದಲ್ಲಿ 6 ಮೀಟರ್ ಚೌಕವಾಗಿ, 3 ಮೀಟರ್ ಆಳದ ಕೃಷಿ ಹೊಂಡ ತೆಗೆಸಿದರೆ ಒಮ್ಮೆ ತುಂಬಿದಾಗ ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಮಕ್ಕಳು, ದನಕರುಗಳು ಬೀಳದಂತೆ ಸುತ್ತ ಬೇಲಿ ಹಾಕಿರಿ.

4. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕಿರಿ. ಕೆರೆಗೆ ನೀರು ಬರುವ ರಾಜಕಾಲುವೆಗಳನ್ನು ಮೊದಲು ಬಿಡಿಸಿರಿ.

5. ಹನಿ ನೀರಾವರಿಯಿಂದ ಉಳಿದ ನೀರಿನಲ್ಲಿ ಅರ್ಧವನ್ನಾದರೂ ನೆಲದಲ್ಲೇ ಬಿಡುವ ಒಪ್ಪಂದವನ್ನು ಅಕ್ಕಪಕ್ಕದ ಬಾವಿಯವರು ಮಾಡಿಕೊಳ್ಳಿರಿ.

6. ಬತ್ತಿದ ಕೊಳವೆ ಬಾವಿಯ ಬಾಯನ್ನು ಭದ್ರವಾಗಿ ಮುಚ್ಚಿರಿ. ಇದು ಮಕ್ಕಳ ಪ್ರಾಣದ ವಿಷಯ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕ್ಕೆ ಹೇಗೋ ನೀರಿಗೂ ಹಾಗೆಯೇ. ನಮ್ಮ ಹಾಸಿಗೆ ಎಂದರೆ ವರ್ಷಕ್ಕೆ 700 ಮಿಲಿಮೀಟರ್ ಮಳೆ. ಅದಕ್ಕೆ ತಕ್ಕ ಬೆಳೆ, ತಕ್ಕ ತಳಿ, ತಕ್ಕ ಕ್ರಮಗಳನ್ನು ವಿಜ್ಞಾನಿಗಳು ಹುಡುಕಿದ್ದಾರೆ, ಮುಂದೆಯೂ ಹುಡುಕುತ್ತಾರೆ. ಇನ್ನೆಷ್ಟು ಅಡಿ ಕೊರೆಸಬೇಕು ಎಂದು ಕೇಳುವ ಮುನ್ನ, ಈ ವರ್ಷ ನಮ್ಮೂರಿನ ನೆಲಕ್ಕೆ ಎಷ್ಟು ನೀರು ಇಳಿಯಿತು ಎಂದು ರೈತ ಬಾಂಧವರು ಕೇಳಲಾರಂಭಿಸಿದರೆ, ಆ ಹುಡುಕಾಟದ ಅರ್ಧ ದಾರಿ ಸವೆದಂತೆ.